ಹಂದರಕ್ಕೆ ಬರುವ ಮದುಮಗಳು ಮತ್ತು ಮಂಗಳಧ್ವನಿ



ಲಗ್ನದ ದಿನಗಳು ಸಮೀಪಿಸಿದಂತೆ ಆಮಂತ್ರಣಪತ್ರಿಕೆಗಳನ್ನು ಹಿಡಿದು ಶ್ರೀಮಠಕ್ಕೆ ಬರುವ ಭಕ್ತರ ಸಂಖ್ಯೆ ಹೆಚ್ಚುವುದು ಸಹಜ. ಮುಹೂರ್ತವನ್ನು ಕುರಿತು, ವಿಧಿಗಳನ್ನು ಕುರಿತು ವಿಚಾರಿಸುವುದು ಮೊದಲಿನಿಂದಲೂ ಬಂದ ರೂಢಿ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಹೊಸದೊಂದು ಪ್ರಶ್ನೆಯೂ ಸೇರಿಕೊಂಡಿದೆ. ಮದುಮಗಳು ಮಂಟಪಕ್ಕೆ ಬರುವಾಗ ನುಡಿಸಬೇಕಾದ ಸಾಂಪ್ರದಾಯಿಕ ಸಂಗೀತ ಯಾವುದು ಎಂಬುದೇ ಆ ಪ್ರಶ್ನೆ. ಪ್ರಸಾದನಿಲಯದಲ್ಲಿ ಓದಿ ಈಗ ದೂರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಂತೂ ಇದನ್ನು ವಿಶೇಷ ಆಸ್ಥೆಯಿಂದ ಕೇಳುತ್ತಾರೆ. ಅಲ್ಲಿ ಸಭಾಭವನ ದೊರೆಯುವುದು ಕೆಲವೇ ಗಂಟೆಗಳ ಮಟ್ಟಿಗೆ. ವಧು ಬಾಗಿಲಿನಿಂದ ಮಂಟಪದವರೆಗೆ ನಡೆಯುವ ಐದು ನಿಮಿಷಗಳಿಗೆ ಯಾವ ಹಾಡು ಎಂಬುದನ್ನು ಮೊದಲೇ ಗೊತ್ತುಮಾಡಿ ಕೊಡಬೇಕಂತೆ.

ಪ್ರಶ್ನೆ ಚಿಕ್ಕದು; ಅದರ ಹಿಂದಿನ ಚರಿತ್ರೆ ಚಿಕ್ಕದಲ್ಲ. ಮೊದಲು ಒಂದು ಮಾತಿನ ಗೊಂದಲವನ್ನು ಕಳೆದುಕೊಳ್ಳಬೇಕು. ಈಗಿನ ಕಾರ್ಯಕ್ರಮಪಟ್ಟಿಗಳಲ್ಲಿ ಇದನ್ನು ‘ವಧುಪ್ರವೇಶ’ ಎಂದು ಅಚ್ಚು ಮಾಡಿಸುವವರುಂಟು. ಆದರೆ ಸಂಸ್ಕಾರಗ್ರಂಥಗಳಲ್ಲಿ ವಧುಪ್ರವೇಶವೆಂದರೆ ಮದುವೆಯಾದ ಹೆಣ್ಣು ಗಂಡನ ಮನೆಯ ಹೊಸ್ತಿಲನ್ನು ದಾಟುವ ಕರ್ಮ. ಮದುವೆಗೆ ಮುಂಚೆ ಆಕೆ ಮಂಟಪಕ್ಕೆ ಬರುವುದಕ್ಕೆ ಕನ್ನಡದ ಮನೆಗಳಲ್ಲಿ ಇದ್ದ ಮಾತೇ ಬೇರೆ. ಹಸೆಗೆ ಕರೆಯುವುದು ಎಂಬುದು ಅದು. ‘ಪ್ರವೇಶ’ ಎಂಬಲ್ಲಿ ನೋಡುವವರು ಮುಖ್ಯ. ‘ಕರೆಯುವುದು’ ಎಂಬಲ್ಲಿ ಕರೆಯುವವರು ಮುಖ್ಯ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರ ತಾನಾಗಿಯೇ ತಿಳಿಯಾಗುತ್ತದೆ.

ಕಲ್ಯಾಣದ ಅರಸನ ಸಾಕ್ಷ್ಯ

ನಮ್ಮ ನಾಡಿನಲ್ಲಿ ಮದುವೆಯ ಹಾಡಿಗೆ ದೊರೆಯುವ ಸ್ಪಷ್ಟವಾದ ಶಾಸ್ತ್ರಸಾಕ್ಷ್ಯಗಳಲ್ಲಿ ಒಂದು ಬಂದಿರುವುದು ಕಲ್ಯಾಣದಿಂದಲೇ ಎಂಬುದು ಅನೇಕರಿಗೆ ಹೊಸ ಸಂಗತಿಯಾದೀತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಇದರ ಇನ್ನೊಂದು ಹೆಸರು. ರಾಜನೀತಿಯಿಂದ ಪಾಕಶಾಸ್ತ್ರದವರೆಗೆ ನೂರು ಅಧ್ಯಾಯಗಳಲ್ಲಿ ಹರಡಿಕೊಂಡಿರುವ ಈ ವಿಶ್ವಕೋಶದಲ್ಲಿ ಗೀತಕ್ಕೂ ವಾದ್ಯಕ್ಕೂ ವಿಸ್ತಾರವಾದ ಸ್ಥಾನವಿದೆ. ಯಾವ ಸಂದರ್ಭಕ್ಕೆ ಯಾವ ಹಾಡು ಸಲ್ಲುತ್ತದೆಂದು ಹೇಳುವಾಗ ಅರಸನು ಕಥೆ ಹೇಳುವುದಕ್ಕೆ ಷಟ್ಪದಿಯನ್ನೂ ಉತ್ಸವಕ್ಕೆ ಮಂಗಳವನ್ನೂ ಯೋಗಿಗಳಿಗೆ ಚರ್ಯೆಯನ್ನೂ ಸೂಚಿಸುತ್ತಾನೆ. ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಹಾಡುವ ಓವಿಯನ್ನು ಹೆಸರಿಸುತ್ತಾನೆ. ವಿವಾಹಕ್ಕೆ ‘ಧವಲ’ವೆಂಬ ಗೀತವನ್ನು ವಿಧಿಸುತ್ತಾನೆ.

ನೂರು ವರ್ಷಗಳ ಅನಂತರ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದ ಪ್ರಬಂಧಾಧ್ಯಾಯದಲ್ಲಿ ಈ ಧವಲವನ್ನು ಮರಳಿ ಎತ್ತಿಕೊಂಡು, ಕೀರ್ತಿ, ವಿಜಯ, ವಿಕ್ರಮ ಎಂಬ ಮೂರು ಬಗೆಗಳನ್ನು ನಿರೂಪಿಸುತ್ತಾನೆ. ಅದೇ ಶತಮಾನದ ಕೊನೆಯಲ್ಲಿ ಮಹಾನುಭಾವ ಪಂಥದ ಮಹದಂಬೆ ಎಂಬ ತಾಯಿ ಮರಾಠಿಯಲ್ಲಿ ರುಕ್ಮಿಣೀಸ್ವಯಂವರವನ್ನು ‘ಧವಳೆ’ಗಳಾಗಿ ಹಾಡಿದಳು. ಮರಾಠಿಯ ಆದ್ಯಕವಯಿತ್ರಿ ಎಂಬ ಗೌರವ ಆಕೆಗೆ ಸಲ್ಲುತ್ತದೆ. ನೆರೆನಾಡಿನ ಒಂದು ಸಾಹಿತ್ಯದಲ್ಲಿ ಸ್ತ್ರೀಕಂಠ ಮೊದಲು ಕೇಳಿಬಂದದ್ದು ಮದುವೆಯ ಹಾಡಾಗಿ ಎಂಬುದು ಗಮನಿಸಬೇಕಾದ ವಿಷಯ.

ಕನ್ನಡದಲ್ಲಿ ಈ ಜಾತಿಯ ಹಾಡಿಗೆ ಉಳಿದುಬಂದ ಹೆಸರು ‘ಸೋಬಾನೆ’. ಇದು ಸಂಸ್ಕೃತದ ‘ಶೋಭನ’ ಶಬ್ದದಿಂದ ಬಂದದ್ದು. ಶುಭವಾದದ್ದು ಎಂದು ಅದರ ಅರ್ಥ. ಹರಿಹರನ ‘ಗಿರಿಜಾಕಲ್ಯಾಣ’ ಕಾವ್ಯಮಾರ್ಗದಲ್ಲಿ ದೇವಿಯ ವಿವಾಹವನ್ನು ವರ್ಣಿಸಿದರೆ, ಸೋಬಾನೆಯ ಪದಗಳು ಪ್ರತಿಯೊಬ್ಬ ಮದುಮಗಳನ್ನೂ ಗಿರಿಜೆಯನ್ನಾಗಿಯೇ ಕಂಡವು. ಹದಿನಾರನೆಯ ಶತಮಾನದ ವಾದಿರಾಜ ಯತಿಗಳು ರಚಿಸಿದ ‘ಲಕ್ಷ್ಮೀಶೋಭಾನೆ’ ಮಾಧ್ವರ ಮನೆಗಳ ಮದುವೆಗಳಲ್ಲಿ ಇಂದಿಗೂ ಹಾಡಲ್ಪಡುತ್ತಿದೆ. ಸಮುದ್ರಮಥನದಲ್ಲಿ ಹುಟ್ಟಿದ ಲಕ್ಷ್ಮಿಯು ನೆರೆದ ದೇವತೆಗಳ ನಡುವೆ ನಡೆದುಬಂದು ತನಗೆ ಒಪ್ಪಿದವನಿಗೆ ಮಾಲೆ ಹಾಕುವುದೇ ಅದರ ವಸ್ತು. ವೇದಾಂತದಲ್ಲಿ ವಾದಿಸಿದ ಯತಿಗಳೂ ಹೆಣ್ಣುಮಕ್ಕಳ ಬಾಯಿಗೆಂದು ಒಂದು ಮದುವೆಯ ಹಾಡನ್ನು ಕಟ್ಟಿಕೊಟ್ಟರೆಂಬುದು ಈ ಪ್ರಕಾರಕ್ಕೆ ಇದ್ದ ಗೌರವವನ್ನು ತೋರಿಸುತ್ತದೆ.

ಹಸೆಗೆ ಕರೆಯುವ ಹಾಡು

ಹಳ್ಳಿಯ ಮದುವೆ ಹಲವು ದಿನಗಳ ಕಾರ್ಯವಾಗಿದ್ದ ಕಾಲದಲ್ಲಿ ಹಾಡಿಲ್ಲದೆ ಒಂದು ಕೆಲಸವೂ ನಡೆಯುತ್ತಿರಲಿಲ್ಲ. ಅರಿಶಿಣ ಕುಟ್ಟುವಾಗ ಒಂದು ಹಾಡು, ಹಂದರ ಹಾಕುವಾಗ ಒಂದು, ಸುರಗಿ ಸುತ್ತಿ ಎರೆಯುವಾಗ ಒಂದು, ಬೀಗರನ್ನು ಇದಿರುಗೊಳ್ಳುವಾಗ ಇನ್ನೊಂದು. ಮದುಮಗಳನ್ನು ಹೊರತರುವ ಸಮಯ ಬಂದಾಗ ಹೆಣ್ಣುಮಕ್ಕಳು ಎರಡು ಗುಂಪಾಗಿ ನಿಲ್ಲುವರು. ಒಬ್ಬಾಕೆ ಮುಂದಾಗಿ ಸೊಲ್ಲೆತ್ತಿದರೆ ಉಳಿದವರು ಅದನ್ನು ಹಿಡಿದು ಮುಂದುವರಿಸುವರು. ಹಸೆಯ ಮೇಲೆ ರಂಗವಲ್ಲಿ ಬರೆದಾಗಿದೆ, ಮಣೆ ಹಾಕಿಯಾಗಿದೆ, ತಾಯಿ ತಂದೆ ಕಾದಿದ್ದಾರೆ, ಸೋದರಮಾವ ಬಾಗಿಲಲ್ಲಿ ನಿಂತಿದ್ದಾನೆ ಎಂದು ಒಂದೊಂದಾಗಿ ಹೇಳಿ ಹುಡುಗಿಯನ್ನು ಹೆಸರು ಹಿಡಿದು ಕರೆಯುವುದು ಈ ಹಾಡುಗಳ ರೀತಿ. ನಾಲ್ಕು ಮಂದಿಯ ಎದುರಿಗೆ ಮೊದಲ ಬಾರಿ ಬರಬೇಕಾದ ಹೆಣ್ಣುಮಗಳ ಅಂಜಿಕೆಯನ್ನು ತಿಳಿದವರು ಮಾತ್ರ ಹೀಗೆ ಕರೆಯಬಲ್ಲರು. ಒಬ್ಬಳೇ ಬಾ ಎನ್ನದೆ, ಆಕೆಗೆ ಬೇಕಾದವರೆಲ್ಲ ಇಲ್ಲಿಯೇ ಇದ್ದಾರೆಂದು ಮೊದಲು ಹೇಳಿ, ಅನಂತರ ಕರೆಯುತ್ತಾರೆ.

ಈ ಹಾಡುಗಳಲ್ಲಿ ಬರಿಯ ಹರಕೆಯೇ ಇಲ್ಲ. ತವರನ್ನು ಬಿಡುವ ಸಂಕಟವಿದೆ, ಬೀಗರ ಮೇಲಿನ ಹಾಸ್ಯವಿದೆ, ಸೊಸೆಯಾಗಿ ಹೋದಲ್ಲಿ ಬಾಳುವ ಬುದ್ಧಿಮಾತಿದೆ. ಬಹುಪಾಲು ಹಾಡುಗಳ ಛಂದಸ್ಸು ತ್ರಿಪದಿ. ಹಲಸಂಗಿಯ ಗೆಳೆಯರು ಮನೆಮನೆಗೆ ತಿರುಗಿ, ತಾಯಂದಿರ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ, ಅಕ್ಷರ ಕಲಿಯದವರಲ್ಲಿಯೂ ಇಂತಹ ಕವಿತ್ವವುಂಟೇ ಎಂದು ಓದಿದವರ ಲೋಕ ಬೆರಗಾಯಿತು. ಆ ತಾಯಂದಿರಿಗೆ ಅದು ಕವಿತ್ವವೆಂಬ ಎಣಿಕೆಯೂ ಇರಲಿಲ್ಲ. ಮಾಡಬೇಕಾದ ಮನೆಗೆಲಸಗಳಲ್ಲಿ ಹಾಡುವುದೂ ಒಂದಾಗಿತ್ತು.

ಅರಸರ ಕೊಡುಗೆಯಾಗಿದ್ದ ವಾದ್ಯ

ಹಾಡು ಒಳಮನೆಯದಾದರೆ ವಾದ್ಯ ಬೀದಿಯದು. ಅದರ ಚರಿತ್ರೆಯೇ ಬೇರೆ. ಚಾಲುಕ್ಯ, ರಾಷ್ಟ್ರಕೂಟರ ಕಾಲದ ಶಾಸನಗಳನ್ನು ಓದಿದವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಪರಿಚಿತವಾದದ್ದೇ. ಸಾರ್ವಭೌಮನ ಅನುಗ್ರಹದಿಂದ ಐದು ಮಹಾವಾದ್ಯಗಳ ಧ್ವನಿಯನ್ನು ಪಡೆದ ಸಾಮಂತನೆಂದು ಅದರ ತಾತ್ಪರ್ಯ. ಆ ಐದು ಯಾವುವೆಂಬುದನ್ನು ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ಯಲ್ಲಿ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಎಣಿಸಿ ಹೇಳಿದ್ದಾರೆ. ಶಾಸನಸಂಶೋಧಕರು ಈ ಬಿರುದನ್ನು ಅರ್ಥೈಸುವಾಗ ಶಿವಯೋಗಿಗಳ ಈ ಮಾತನ್ನೇ ಆಧಾರವಾಗಿ ಹಿಡಿದರೆಂಬುದನ್ನು ನಮ್ಮ ವಾಚಕರು ತಿಳಿದಿರಬೇಕು.

ಎಂದ ಮೇಲೆ ವಾದ್ಯಧ್ವನಿ ಎಲ್ಲರಿಗೂ ದೊರೆಯುವ ವಸ್ತುವಾಗಿರಲಿಲ್ಲ. ಅದು ಪದವಿಯ ಗುರುತು. ಈ ಭಾವನೆ ಅರಮನೆಯಿಂದ ಊರಿಗೆ ಇಳಿಯಿತು. ಯಾವ ಕುಲದವರ ಮದುವೆಯ ಮೆರವಣಿಗೆ ಯಾವ ಬೀದಿಯಲ್ಲಿ ಹಾಯಬೇಕು, ಯಾವ ವಾದ್ಯವನ್ನು ಬಾರಿಸಬಹುದು, ಹಂದರಕ್ಕೆ ಎಷ್ಟು ಕಂಬ ನಿಲ್ಲಿಸಬಹುದು ಎಂಬ ವಿಷಯಗಳಲ್ಲಿ ಬಲಗೈ ಎಡಗೈ ಪಣಗಳವರು ಹೊಡೆದಾಡಿ, ಕುಂಪಣಿ ಸರ್ಕಾರದ ಅಧಿಕಾರಿಗಳವರೆಗೆ ವ್ಯಾಜ್ಯಗಳು ಹೋದದ್ದುಂಟು. ದಲಿತ ವರನ ಮೆರವಣಿಗೆಯನ್ನು ವಾದ್ಯ ನುಡಿಸಿದ ಕಾರಣಕ್ಕಾಗಿ ತಡೆದರೆಂಬ ವಾರ್ತೆ ಇಂದಿಗೂ ದೇಶದ ಕೆಲವು ಭಾಗಗಳಿಂದ ಬರುತ್ತಿರುವುದನ್ನು ಕಂಡರೆ ಆ ಹಳೆಯ ರೋಗ ಇನ್ನೂ ಪೂರ್ತಿ ವಾಸಿಯಾಗಿಲ್ಲವೆನ್ನಬೇಕು.

ಇರಲಿ. ಕಾಲಕ್ರಮದಲ್ಲಿ ದಕ್ಷಿಣದ ಜಿಲ್ಲೆಗಳಲ್ಲಿ ನಾಗಸ್ವರ ಮತ್ತು ಡೋಲುಗಳ ಓಲಗವೂ, ಉತ್ತರದ ಜಿಲ್ಲೆಗಳಲ್ಲಿ ಶಹನಾಯಿ, ಸಂಬಾಳ, ಹಲಗೆಗಳೂ ಕರಡಿಮಜಲೂ ಮದುವೆಯ ವಾದ್ಯಗಳಾಗಿ ನೆಲೆನಿಂತವು. ನಾಗಸ್ವರವನ್ನು ನುಡಿಸುವುದು ಸುಲಭದ ಕೆಲಸವಲ್ಲ. ಬೆರಳಾಡುವ ರಂಧ್ರಗಳು ಏಳು. ಕೆಳಗೆ ಶ್ರುತಿಯನ್ನು ಸರಿಪಡಿಸುವುದಕ್ಕಾಗಿ ಇನ್ನೂ ಐದು. ಬಾಯಲ್ಲಿ ಹಿಡಿಯುವ ಜೋಡಿ ಸೀಳಿನ ಪೀಪಿ ತುಟಿಯ ಒತ್ತಡಕ್ಕೆ ತಕ್ಕಂತೆ ಸ್ವರವನ್ನು ಏರಿಸಿ ಇಳಿಸುತ್ತದೆ. ಗಂಟೆಗಟ್ಟಲೆ ಉಸಿರು ಕಟ್ಟಿ ನುಡಿಸುವ ಈ ವಿದ್ಯೆಗೆ ವರ್ಷಗಳ ಸಾಧನೆ ಬೇಕು. ಡೋಲಿನವನು ಒಂದು ಮುಖಕ್ಕೆ ಕೋಲನ್ನೂ ಇನ್ನೊಂದು ಮುಖಕ್ಕೆ ಗಟ್ಟಿ ಕವಚ ತೊಟ್ಟ ಬೆರಳುಗಳನ್ನೂ ಬಳಸುತ್ತಾನೆ. ಮಾಂಗಲ್ಯಧಾರಣೆಯ ಕ್ಷಣದಲ್ಲಿ ಮೊಳಗುವ ಗಟ್ಟಿಮೇಳದ ಉದ್ದೇಶ ಸೀನು, ಕೆಮ್ಮು, ಅಪಶಬ್ದಗಳು ವಧೂವರರ ಕಿವಿಗೆ ಬೀಳದಿರಲಿ ಎಂಬುದೆಂದು ಹಿರಿಯರು ಹೇಳುತ್ತಾರೆ. ತ್ಯಾಗರಾಜರು ಕುರಂಜಿ ರಾಗದಲ್ಲಿ ರಚಿಸಿದ ಸೀತಾಕಲ್ಯಾಣದ ಉತ್ಸವಕೀರ್ತನೆ ಭಾಷೆಯ ಗಡಿಗಳನ್ನು ದಾಟಿ ಕನ್ನಡನಾಡಿನ ಓಲಗದವರ ಮದುವೆಯ ಕೃತಿಯೂ ಆಗಿದೆ.

ಸೀಮೆಯ ಮೆರವಣಿಗೆ

ಪಾಶ್ಚಾತ್ಯ ದೇಶಗಳಲ್ಲಿ ವಧು ಬರುವಾಗ ನುಡಿಸುವ ಪ್ರಸಿದ್ಧ ಸಂಗೀತವನ್ನು ಕುರಿತೂ ನಮ್ಮ ವಿದ್ಯಾರ್ಥಿಗಳು ಕೇಳಿದ್ದಾರೆ. ಅದು ಅನಾದಿಯೆಂದು ಭಾವಿಸುವವರುಂಟು. ವಾಸ್ತವವಾಗಿ ಅದರ ವಯಸ್ಸು ಎರಡು ಶತಮಾನವನ್ನೂ ಮುಟ್ಟಿಲ್ಲ. ಜರ್ಮನಿಯ ವಾಗ್ನರ್ ಎಂಬ ಸಂಗೀತಕಾರನ ‘ಲೋಹೆಂಗ್ರಿನ್’ ಗೀತನಾಟಕ 1850ರಲ್ಲಿ ವೈಮಾರ್ ನಗರದಲ್ಲಿ ಮೊದಲು ಪ್ರದರ್ಶಿತವಾಯಿತು. ಆ ರಾಗ ಅದರೊಳಗಿನದು. ಮದುವೆ ಮುಗಿಸಿ ನಿರ್ಗಮಿಸುವಾಗಿನ ಮೆರವಣಿಗೆಯ ಸಂಗೀತ ಮೆಂಡೆಲ್ಸನ್ ಎಂಬುವನು ಶೇಕ್ಸ್‌ಪಿಯರನ ನಾಟಕವೊಂದಕ್ಕೆ 1842ರಲ್ಲಿ ರಚಿಸಿದ್ದು. 1858ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ವಿವಾಹದಲ್ಲಿ ಈ ಎರಡನ್ನೂ ನುಡಿಸಿದ ಮೇಲೆ ಅವು ಲೋಕರೂಢಿಯಾದವು. ವಿಚಿತ್ರವೆಂದರೆ, ವಾಗ್ನರನ ನಾಟಕದಲ್ಲಿ ಆ ಹಾಡು ಮದುವೆಯಾದ ಮೇಲೆ ದಂಪತಿಗಳನ್ನು ಶಯನಗೃಹಕ್ಕೆ ಕರೆದೊಯ್ಯುವಾಗ ಬರುತ್ತದೆ; ಆ ರಾತ್ರಿಯೇ ಆ ದಾಂಪತ್ಯ ಮುರಿದುಬೀಳುತ್ತದೆ. ನಾಟಕರಂಗದ ಸಂಗೀತ ದೇವಾಲಯಕ್ಕೆ ತಕ್ಕುದಲ್ಲವೆಂದು ಅಲ್ಲಿನ ಕೆಲವು ಪಾದ್ರಿಗಳು ಇದನ್ನು ಒಪ್ಪದಿರುವುದೂ ಉಂಟು. ಅರಮನೆಯ ಒಂದು ಮದುವೆ ಜಗತ್ತಿಗೆಲ್ಲ ಸಂಪ್ರದಾಯವಾದ ಬಗೆ ಇದು.

ಬ್ರಿಟಿಷರ ದಂಡಿನೊಡನೆ ಅವರ ಬ್ಯಾಂಡೂ ನಮ್ಮ ನಾಡಿಗೆ ಬಂತು. ಬೆಂಗಳೂರಿನ ದಂಡುಪ್ರದೇಶ 1809ರಲ್ಲಿ ಸ್ಥಾಪಿತವಾಯಿತು. ಸೈನ್ಯದ ತುತ್ತೂರಿ ಕ್ಲಾರಿನೆಟ್‌ಗಳು ಬರಬರುತ್ತ ಪೇಟೆಯ ಮದುವೆಗಳಿಗೂ ಬಂದವು. ಹೊಸ ವಾದ್ಯವನ್ನು ಅರಗಿಸಿಕೊಂಡು ನಮ್ಮದಾಗಿಸಿದವರೂ ಇದ್ದಾರೆ. ಬಂಟವಾಳ ಸೀಮೆಯ ನಾಗಸ್ವರ ಮನೆತನದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ಲೋಕಮಾನ್ಯರಾದರು. ಆದ್ದರಿಂದ ವಾದ್ಯ ಯಾವ ದೇಶದ್ದೆಂಬುದು ದೊಡ್ಡ ಮಾತಲ್ಲ. ಆದರೆ ಅನಂತರ ಬಂದ ಧ್ವನಿವರ್ಧಕವೂ, ಈಗಿನ ಮುದ್ರಿತ ಸಿನಿಮಾ ಹಾಡೂ ಬೇರೊಂದು ಕೆಲಸ ಮಾಡಿದವು. ಅವು ಹೊರಗೆ ನುಡಿಸುವವನನ್ನೂ ಒಳಗೆ ಹಾಡುವವಳನ್ನೂ ಏಕಕಾಲಕ್ಕೆ ಮೌನಗೊಳಿಸಿದವು.

ಮಂಗಳವನ್ನು ಕೊಟ್ಟವರ ಸ್ಥಾನ

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ವಧುವಿನ ಬರವಿಗೆ ಮಂಗಳವನ್ನು ಕೊಟ್ಟವರು ಯಾರು? ಅವರನ್ನು ನಾವು ಎಲ್ಲಿ ನಿಲ್ಲಿಸಿದೆವು?

ಮೊದಲನೆಯವರು ವಾದ್ಯದವರು. ದಕ್ಷಿಣದಲ್ಲಿ ಓಲಗ ಊದುವವರು ಹೆಚ್ಚಾಗಿ ಕ್ಷೌರಿಕವೃತ್ತಿಯ ಮನೆತನಗಳವರು. ಉತ್ತರದಲ್ಲಿ ಭಜಂತ್ರಿ ಎಂಬ ಅಡ್ಡಹೆಸರೇ ವಾದ್ಯದ ಕಾಯಕದಿಂದ ಬಂದದ್ದು. ಅವರ ಉಸಿರಿಲ್ಲದೆ ತಾಳಿ ಕಟ್ಟುವಂತಿಲ್ಲ; ಆದರೆ ಅವರು ಕುಳಿತದ್ದು ಹಂದರದ ಅಂಚಿನಲ್ಲಿ, ಉಂಡದ್ದು ಕೊನೆಯ ಪಂಕ್ತಿಯಲ್ಲಿ. ತಮಿಳುನಾಡಿನ ತಿರುವಾವಡುದುರೈ ಶೈವಮಠದ ಆಸ್ಥಾನವಿದ್ವಾಂಸರಾಗಿದ್ದ ಟಿ. ಎನ್. ರಾಜರತ್ನಂ ಪಿಳ್ಳೆಯವರು ನಾಗಸ್ವರದವರೂ ಅಂಗಿ ತೊಟ್ಟು, ವೇದಿಕೆಯ ಮೇಲೆ ಕುಳಿತು ನುಡಿಸಬೇಕೆಂದು ಹಟ ಹಿಡಿದು ಆ ಗೌರವವನ್ನು ದೊರಕಿಸಿಕೊಟ್ಟರು. ಅದಕ್ಕೆ ಮುಂಚೆ ಅಂಗಿ ತೊಡುವುದೂ ಕೂಡುವುದೂ ಅವರಿಗೆ ಸಹಜವಾಗಿ ದೊರೆತಿರಲಿಲ್ಲವೆಂಬುದೇ ಇದರ ಅರ್ಥ. 1947ರ ಆಗಸ್ಟ್ 14ರಂದು ಆ ಮಠದವರು ದೆಹಲಿಯಲ್ಲಿ ನೆಹರೂ ಅವರನ್ನು ಹರಸಲು ಹೋದಾಗ ಮುಂದೆ ನುಡಿದದ್ದು ಪಿಳ್ಳೆಯವರ ನಾಗಸ್ವರ. ಕಾಶಿಯ ಬಿಸ್ಮಿಲ್ಲಾ ಖಾನರು ಶಹನಾಯಿಯನ್ನು ಮದುವೆಯ ಅಂಗಳದಿಂದ ಸಂಗೀತಸಭೆಗೆ ಏರಿಸಿದರು. 1977ರ ‘ಸನಾದಿ ಅಪ್ಪಣ್ಣ’ ಚಲನಚಿತ್ರದಲ್ಲಿ ಕನ್ನಡಿಗರು ಕೇಳಿದ ಶಹನಾಯಿ ಅವರದೇ. 2001ರಲ್ಲಿ ಅವರಿಗೆ ಭಾರತರತ್ನ ಸಂದಿತು. ಒಬ್ಬ ಮುಸಲ್ಮಾನ ಸಾಧಕನ ಉಸಿರು ಕೋಟ್ಯಂತರ ಹಿಂದೂ ಮನೆಗಳಿಗೆ ಮಂಗಳಧ್ವನಿಯಾಯಿತು.

ಎರಡನೆಯವರು ದೇವದಾಸಿಯರು. ಗಂಡನೆಂದರೆ ದೇವರೇ ಆದ್ದರಿಂದ ಇವರಿಗೆ ವೈಧವ್ಯವಿಲ್ಲ, ನಿತ್ಯಸುಮಂಗಲಿಯರು ಎಂದು ಹೇಳಿ, ಗೃಹಸ್ಥರು ಮದುವೆಗೆ ಕರೆಸಿ ಹಾಡಿಸುತ್ತಿದ್ದರು, ತಾಳಿಯ ಮಣಿಗಳನ್ನು ಇವರ ಕೈಯಿಂದ ಪೋಣಿಸುತ್ತಿದ್ದರು. ಪರರ ಮಗಳ ಮದುವೆಗೆ ಶುಭವಾದವಳಿಗೆ ತನ್ನ ಮಗಳ ಮದುವೆ ಮಾಡುವ ಭಾಗ್ಯವಿರಲಿಲ್ಲ. 1909ರಲ್ಲಿ ಮೈಸೂರು ಸರ್ಕಾರವೂ 1934ರಲ್ಲಿ ಮುಂಬಯಿ ಪ್ರಾಂತವೂ 1982ರಲ್ಲಿ ಕರ್ನಾಟಕ ಸರ್ಕಾರವೂ ಈ ಪದ್ಧತಿಯ ವಿರುದ್ಧ ಕಟ್ಟಳೆ ಮಾಡಬೇಕಾಯಿತು. ಪದ್ಧತಿ ಹೋಗಬೇಕಾದುದೇ ಸರಿ. ಆ ಹೆಣ್ಣುಮಕ್ಕಳಿಂದ ಮಂಗಳವನ್ನು ಪಡೆದು ಬಾಳನ್ನು ಕೊಡದೆ ಹೋದ ಸಮಾಜದ ಸಾಲ ಮಾತ್ರ ಕಟ್ಟಳೆಯಿಂದ ತೀರುವಂಥದಲ್ಲ.

ಮೂರನೆಯವರು ನಮ್ಮ ಮನೆಗಳೊಳಗಿನವರೇ. ಸೋಬಾನೆ ಹಾಡಲು ಮುತ್ತೈದೆಯರೇ ಬೇಕೆಂಬುದು ರೂಢಿ. ಆದರೆ ಹೆಚ್ಚು ಹಾಡು ಬಲ್ಲವಳು ವಯಸ್ಸಾದ ಅಜ್ಜಿ. ವಯಸ್ಸಾದ ಅಜ್ಜಿ ಬಹುತೇಕ ವಿಧವೆ. ಆಕೆ ಅಡುಗೆಮನೆಯ ಕತ್ತಲಲ್ಲಿ ನಿಂತು, ಹೊರಗೆ ಹಾಡುವವರು ನುಡಿ ಮರೆತಾಗ ಮೆಲ್ಲನೆ ಎತ್ತಿಕೊಡಬೇಕು. ಮೊಮ್ಮಗಳನ್ನು ಹಸೆಗೆ ಕರೆಯುವ ಹಾಡು ಅಜ್ಜಿಯದು. ಹಸೆಯ ಹತ್ತಿರ ಬರುವ ಅಧಿಕಾರ ಅಜ್ಜಿಗಿಲ್ಲ. ಹೀಗೆ ಹಾಡಿನ ಭಂಡಾರವನ್ನೇ ಹೊರಗಿಟ್ಟ ಮೇಲೆ ಆ ಹಾಡು ಒಂದೆರಡು ತಲೆಮಾರುಗಳಲ್ಲಿ ಕ್ಷೀಣಿಸಿದ್ದರಲ್ಲಿ ಆಶ್ಚರ್ಯವೇನಿದೆ? ಸಿನಿಮಾ ಹಾಡನ್ನು ಬಯ್ಯುವುದಕ್ಕೆ ಮುಂಚೆ ಈ ಮಾತನ್ನು ನಾವು ಆಲೋಚಿಸಬೇಕು.

ಸೋಮೇಶ್ವರನ ಗ್ರಂಥ ಹುಟ್ಟಿ ಮೂರುನಾಲ್ಕು ದಶಕಗಳಾಗುವಷ್ಟರಲ್ಲಿ ಅದೇ ಕಲ್ಯಾಣದಲ್ಲಿ ಶರಣರು ಈ ಬೇಲಿಗಳನ್ನು ಕಿತ್ತೊಗೆದಿದ್ದರು. ಕಿನ್ನರಿಯನ್ನು ನುಡಿಸುತ್ತಿದ್ದ ಬೊಮ್ಮಯ್ಯ, ಢಕ್ಕೆಯನ್ನು ಬಾರಿಸುತ್ತಿದ್ದ ಬೊಮ್ಮಣ್ಣ, ವೇಷ ಹಾಕುತ್ತಿದ್ದ ಬಹುರೂಪಿ ಚೌಡಯ್ಯ ಇವರೆಲ್ಲ ತಮ್ಮ ಕಾಯಕದ ಹೆಸರಿನಿಂದಲೇ ಶರಣರಾಗಿ ಅನುಭವಮಂಟಪದ ಗೌರವಕ್ಕೆ ಪಾತ್ರರಾದರು. ಮಧುವರಸರ ಮಗಳಿಗೂ ಹರಳಯ್ಯನವರ ಮಗನಿಗೂ ಅಲ್ಲಿ ನಡೆದ ಮದುವೆಯ ಕಥೆಯನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಹೊಸ್ತಿಲಾಚೆಗೆ ನಿಲ್ಲಿಸಿದ್ದವರನ್ನು ಹಸೆಯ ಮೇಲೆ ಕೂರಿಸಿದ್ದಕ್ಕಾಗಿ ಇಬ್ಬರು ತಂದೆಯರೂ ಪ್ರಾಣ ತೆತ್ತರೆಂದು ಶರಣಪರಂಪರೆ ನೆನೆಯುತ್ತದೆ. ಆ ಮದುವೆಯನ್ನು ಸ್ಮರಿಸುವವರ ಮನೆಯ ಹಂದರದಲ್ಲಿ ವಾದ್ಯದವನಿಗೆ ಬೇರೆ ಪಂಕ್ತಿ, ಅಜ್ಜಿಗೆ ಅಡುಗೆಮನೆ ಎಂಬ ನಿಯಮವಿದ್ದರೆ ಅದಕ್ಕೆ ಯಾವ ಸಮಾಧಾನ ಹೇಳೋಣ?

ವಾಚಕರಲ್ಲಿ ಬಿನ್ನಹ

ಆದ್ದರಿಂದ ಸಾಂಪ್ರದಾಯಿಕ ಸಂಗೀತ ಯಾವುದೆಂದು ಕೇಳಿದವರಿಗೆ ನಮ್ಮ ಉತ್ತರ ಇಷ್ಟು. ವಧುವಿನ ಬರವಿಗೆ ಕನ್ನಡದ ಮನೆಗಳಲ್ಲಿ ಸಲ್ಲುತ್ತಿದ್ದುದು ಆಕೆಯನ್ನು ಬಲ್ಲ ಹೆಣ್ಣುಮಕ್ಕಳ ಕರೆಯುವ ಹಾಡು. ಮನೆಯಲ್ಲಿ ಅಂತಹ ಒಂದು ಹಾಡಾದರೂ ಯಾರಿಗೆ ಬರುತ್ತದೆಂದು ವಿಚಾರಿಸಿ. ಬಲ್ಲವಳು ಅಜ್ಜಿಯಾದರೆ, ಅವಳು ವಿಧವೆಯೋ ಮುತ್ತೈದೆಯೋ ಎಂದು ನೋಡದೆ, ಕೈ ಹಿಡಿದು ಕರೆತಂದು ಹಸೆಯ ಪಕ್ಕದಲ್ಲಿ ಕೂರಿಸಿ. ಎಲ್ಲರ ಜೇಬಿನಲ್ಲಿಯೂ ಧ್ವನಿ ಹಿಡಿದಿಡುವ ಯಂತ್ರವಿರುವ ಈ ಕಾಲದಲ್ಲಿ ಅವಳ ಕಂಠವನ್ನು ಮದುವೆಗೆ ಮುಂಚೆಯೇ ಮುದ್ರಿಸಿಕೊಳ್ಳಿ. ಮೊಮ್ಮಕ್ಕಳು ಅದನ್ನು ಕೇಳಿ ಕಲಿಯಲಿ. ಹೊರದೇಶದಲ್ಲಿರುವವರು ಓಲಗದವರನ್ನು ಕರೆಸಲಾರದೆ ಮುದ್ರಿತ ನಾಗಸ್ವರವನ್ನು ಹಾಕಿದರೆ ದೋಷವಿಲ್ಲ. ಆದರೆ ಆ ಐದು ನಿಮಿಷಗಳಲ್ಲಿ ಎರಡು ನಿಮಿಷವಾದರೂ ಅಕ್ಕ, ಅತ್ತೆ, ಗೆಳತಿಯರ ಸ್ವಂತ ಧ್ವನಿ ಕೇಳಲಿ. ಶ್ರುತಿ ತಪ್ಪಿದರೂ ಚಿಂತೆಯಿಲ್ಲ. ಕರೆಯುವವರು ತನ್ನವರೆಂಬುದು ಮದುಮಗಳಿಗೆ ತಿಳಿಯುತ್ತದೆ.

ವಾದ್ಯದವರನ್ನು ಕರೆಸಬಲ್ಲವರು ಅವಶ್ಯವಾಗಿ ಕರೆಸಿ. ಅವರಿಗೆ ನೆರಳಿನಲ್ಲಿ ಎತ್ತರದ ಪೀಠವನ್ನು ಕೊಡಿ. ಹಾಡೊಂದು ಮುಗಿಯುವ ತನಕ ಕೇಳುವ ಸೌಜನ್ಯ ತೋರಿ, ಒಪ್ಪಿದ ಸಂಭಾವನೆಯನ್ನು ಚೌಕಾಸಿ ಮಾಡದೆ ಕೊಡಿ. ಪ್ರಸಾದದ ಮೊದಲ ಪಂಕ್ತಿಯಲ್ಲಿ ಬೀಗರ ಸಾಲಿನಲ್ಲಿಯೇ ಅವರಿಗೆ ಎಲೆ ಹಾಕಿಸಿ. ಮುಂದಿನ ಮದುವೆಗಳಲ್ಲಿ ನಮ್ಮನ್ನು ಆಶೀರ್ವಾದಕ್ಕೆಂದು ಬರಮಾಡಿಕೊಳ್ಳುವ ಭಕ್ತರು ಈ ಎಲೆ ಎಲ್ಲಿ ಹಾಕಲ್ಪಟ್ಟಿದೆಯೆಂದು ನಾವು ಕೇಳಿದರೆ ಬೇಸರಿಸಬಾರದು.

ಹೀಗೆ ಕರೆಸಿಕೊಂಡು ಬಂದ ಮದುಮಗಳ ಬಾಳು ಬೆಳಗಲಿ. ಕರೆದವರ ಕಂಠವೂ ನುಡಿಸಿದವರ ಉಸಿರೂ ಚಿರವಾಗಿರಲಿ ಎಂದು ಹಾರೈಸುತ್ತೇವೆ.